ಸೀಮಿತ ಹಣದಲ್ಲಿ ಪೇಟೆಂಟ್ ಅರ್ಜಿ: ವ್ಯಕ್ತಿಗತ ಶೋಧಕರು ತಿಳಿದಿರಬೇಕಾದ ಲೆಕ್ಕ

ರಾಜ್ಯದ ಕೈಗಾರಿಕಾ ವಸಾಹತುಗಳಲ್ಲಿರುವ ಸಣ್ಣ ವರ್ಕ್‌ಶಾಪುಗಳಲ್ಲಿ, ರೈತರ ಮನೆಯಂಗಳಗಳಲ್ಲಿ ಹೊಸ ಯಂತ್ರಗಳೂ ಹಳೆಯ ಕೆಲಸಕ್ಕೆ ಹೊಸ ಉಪಾಯಗಳೂ ಸದಾ ಹುಟ್ಟುತ್ತಲೇ ಇರುತ್ತವೆ. ಹುಣಸೆ ಬೀಜ ಬೇರ್ಪಡಿಸುವ ಸಾಧನವೂ ಸೇರಿದಂತೆ ಅನೇಕ ಕೃಷಿ ಯಂತ್ರಗಳನ್ನು ರೂಪಿಸಿದ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರಿಗೆ 2022ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಾಗ ಇಂತಹ ಶೋಧಕರತ್ತ ನಾಡಿನ ಗಮನ ಹರಿಯಿತು. ಆದರೆ ಪ್ರಶಸ್ತಿ ಬೇರೆ, ಕಾನೂನಿನ ರಕ್ಷಣೆ ಬೇರೆ. ಒಬ್ಬರು ವರ್ಷಗಟ್ಟಲೆ ದುಡಿದು ರೂಪಿಸಿದ ಯಂತ್ರವನ್ನು ಪಕ್ಕದ ಜಿಲ್ಲೆಯ ತಯಾರಕರು ಆರೇ ತಿಂಗಳಲ್ಲಿ ನಕಲು ಮಾಡಿ ಕಡಿಮೆ ಬೆಲೆಗೆ ಮಾರತೊಡಗಿದರೆ ಅದನ್ನು ತಡೆಯುವ ಸಾಧನ ಪೇಟೆಂಟ್ ಒಂದೇ.

ಪೇಟೆಂಟ್ ಕುರಿತು ಸಣ್ಣ ಉದ್ಯಮಿಗಳಲ್ಲಿ ಎರಡು ತಪ್ಪು ಕಲ್ಪನೆಗಳಿವೆ. ಅದಕ್ಕೆ ಲಕ್ಷಾಂತರ ರೂಪಾಯಿ ಬೇಕು, ಅದು ದೊಡ್ಡ ಕಂಪನಿಗಳ ಬಾಬತ್ತು ಎಂಬುದು ಮೊದಲನೆಯದು. ಹಣ ಕೊಟ್ಟರೆ ಯಾವಾಗ ಬೇಕಾದರೂ ಪೇಟೆಂಟ್ ಪಡೆಯಬಹುದು ಎಂಬುದು ಎರಡನೆಯದು. ವಾಸ್ತವದಲ್ಲಿ ಒಬ್ಬ ವ್ಯಕ್ತಿ ಅರ್ಜಿ ಸಲ್ಲಿಸಲು ತೆರಬೇಕಾದ ಸರ್ಕಾರಿ ಶುಲ್ಕ ರೂ. 1,600; ಅರ್ಜಿಯನ್ನು ಪರೀಕ್ಷೆಗೆ ಒಳಪಡಿಸಲು ರೂ. 4,000. ಇದು ಭರಿಸಲಾಗದ ಮೊತ್ತವಲ್ಲ. ಆದರೆ ಮಾಡಬೇಕಾದ ಕೆಲಸಗಳ ಅನುಕ್ರಮ ತಪ್ಪಿದರೆ ಎಷ್ಟೇ ಹಣ ಸುರಿದರೂ ಹಕ್ಕು ದೊರೆಯುವುದಿಲ್ಲ. ಅಲ್ಪ ಬಂಡವಾಳದ ಶೋಧಕರು ಯಾವ ಖರ್ಚನ್ನು ಯಾವಾಗ ಮಾಡಬೇಕು, ಯಾವುದನ್ನು ಮುಂದೂಡಬೇಕು, ಯಾವುದನ್ನು ಉಳಿಸಲೇಬಾರದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಯಾವುದಕ್ಕೆ ಪೇಟೆಂಟ್ ಉಂಟು, ಯಾವುದಕ್ಕೆ ಇಲ್ಲ

1970ರ ಪೇಟೆಂಟ್ ಕಾಯ್ದೆ ಮತ್ತು 2003ರ ಪೇಟೆಂಟ್ ನಿಯಮಗಳು ಈ ವಿಷಯವನ್ನು ನಿಯಂತ್ರಿಸುತ್ತವೆ. ಪೇಟೆಂಟ್ ಪಡೆಯಲು ಆವಿಷ್ಕಾರಕ್ಕೆ ಮೂರು ಗುಣಗಳಿರಬೇಕು. ಅದು ಜಗತ್ತಿನ ಎಲ್ಲಿಯೂ ಮೊದಲೇ ಪ್ರಕಟವಾಗಿರಬಾರದು. ಆ ಕ್ಷೇತ್ರದಲ್ಲಿ ನುರಿತವರಿಗೆ ಸಹಜವಾಗಿ ಹೊಳೆಯುವಂತಹುದಾಗಿರಬಾರದು. ಕೈಗಾರಿಕೆಯಲ್ಲಿ ತಯಾರಿಸಲು ಅಥವಾ ಬಳಸಲು ಸಾಧ್ಯವಿರಬೇಕು. ಪೇಟೆಂಟಿನ ಅವಧಿ ಅರ್ಜಿ ಸಲ್ಲಿಸಿದ ದಿನಾಂಕದಿಂದ 20 ವರ್ಷ. ಆ ಅವಧಿಯಲ್ಲಿ ಒಡೆಯನ ಒಪ್ಪಿಗೆಯಿಲ್ಲದೆ ಬೇರೆಯವರು ಆ ವಸ್ತುವನ್ನು ತಯಾರಿಸುವಂತಿಲ್ಲ, ಬಳಸುವಂತಿಲ್ಲ, ಮಾರುವಂತಿಲ್ಲ, ಆಮದು ಮಾಡುವಂತಿಲ್ಲ.

ಕಾಯ್ದೆಯ ಕಲಂ 3 ಪೇಟೆಂಟ್ ನೀಡಲಾಗದ ವಿಷಯಗಳನ್ನು ಪಟ್ಟಿ ಮಾಡುತ್ತದೆ. ಅರ್ಜಿಯ ಯೋಚನೆಗೂ ಮೊದಲು ಇದನ್ನು ಓದಿಕೊಳ್ಳುವುದಕ್ಕೆ ಖರ್ಚೇನೂ ಇಲ್ಲ. ತಿಳಿದಿರುವ ಉಪಕರಣಗಳನ್ನು ಒಟ್ಟಿಗೆ ಜೋಡಿಸಿದಾಗ ಪ್ರತಿಯೊಂದೂ ತನ್ನ ಪಾಡಿಗೆ ಮೊದಲಿನಂತೆಯೇ ಕೆಲಸ ಮಾಡುತ್ತಿದ್ದರೆ ಆ ಜೋಡಣೆಗೆ ಪೇಟೆಂಟ್ ಇಲ್ಲ. ಛತ್ರಿಯ ಹಿಡಿಗೆ ಟಾರ್ಚ್ ಸಿಕ್ಕಿಸಿದರೆ ಅದು ಆವಿಷ್ಕಾರವಾಗದು. ಬೇಸಾಯದ ಮತ್ತು ತೋಟಗಾರಿಕೆಯ ವಿಧಾನಗಳು, ವ್ಯಾಪಾರದ ವಿಧಾನಗಳು, ಕೇವಲ ಕಂಪ್ಯೂಟರ್ ಪ್ರೋಗ್ರಾಂ ಆಗಿರುವ ಸಂಗತಿಗಳು, ರೋಗಕ್ಕೆ ಚಿಕಿತ್ಸೆ ನೀಡುವ ವಿಧಾನಗಳು ಮತ್ತು ಪಾರಂಪರಿಕ ಜ್ಞಾನ ಇವೆಲ್ಲ ಇದೇ ಪಟ್ಟಿಯಲ್ಲಿವೆ. ಅಡಿಕೆ ಬೆಳೆಯುವ ಹೊಸ ಕ್ರಮಕ್ಕೆ ಪೇಟೆಂಟ್ ಸಿಗದು. ಅಡಿಕೆ ಸುಲಿಯುವ ಹೊಸ ಯಂತ್ರಕ್ಕೆ ಸಿಗಬಹುದು. ಗಿಡಮೂಲಿಕೆಯಂತಹ ಜೈವಿಕ ಸಂಪನ್ಮೂಲ ಬಳಸಿದ ಉತ್ಪನ್ನವಾದರೆ ಪೇಟೆಂಟ್ ದೊರೆಯುವ ಮುನ್ನ ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಪ್ರಕ್ರಿಯೆಯನ್ನೂ ಪೂರೈಸಬೇಕಾಗುತ್ತದೆ.

ಪ್ರದರ್ಶನಕ್ಕೂ ಮಾರಾಟಕ್ಕೂ ಮೊದಲು ಅರ್ಜಿ

ಸಣ್ಣ ಶೋಧಕರು ಹಕ್ಕು ಕಳೆದುಕೊಳ್ಳುವುದು ಹೆಚ್ಚಾಗಿ ಈ ಹಂತದಲ್ಲಿ. ಯಂತ್ರ ಸಿದ್ಧವಾದೊಡನೆ ಅದನ್ನು ಕೃಷಿ ಮೇಳದಲ್ಲಿಯೋ ಕೈಗಾರಿಕಾ ವಸ್ತುಪ್ರದರ್ಶನದಲ್ಲಿಯೋ ಇಡಲಾಗುತ್ತದೆ. ಪತ್ರಿಕೆಯವರು ಚಿತ್ರಸಹಿತ ವರದಿ ಮಾಡುತ್ತಾರೆ. ಮೊದಲ ಹತ್ತು ಯಂತ್ರಗಳು ಮಾರಾಟವಾಗುತ್ತವೆ. ಬೇಡಿಕೆ ಕಂಡುಬಂದ ಮೇಲೆ ಪೇಟೆಂಟಿನ ನೆನಪಾಗುತ್ತದೆ. ಅಷ್ಟರಲ್ಲಿ ಆವಿಷ್ಕಾರ ಸಾರ್ವಜನಿಕವಾಗಿರುತ್ತದೆ. ಅದನ್ನು ಬಹಿರಂಗಪಡಿಸಿದವರು ಸ್ವತಃ ಶೋಧಕರೇ ಆಗಿದ್ದರೂ ಕಾನೂನಿನ ದೃಷ್ಟಿಯಲ್ಲಿ ಹೊಸತನ ಹೋದಂತೆಯೇ ಸರಿ.

ಈ ನಿಯಮಕ್ಕೆ ಕೆಲವು ವಿನಾಯಿತಿಗಳಿವೆ, ಆದರೆ ಅವು ಬಹಳ ಕಿರಿದು. ಕೇಂದ್ರ ಸರ್ಕಾರವು ಗೆಜೆಟ್ ಅಧಿಸೂಚನೆಯ ಮೂಲಕ ಗುರುತಿಸಿದ ಪ್ರದರ್ಶನದಲ್ಲಿ ಇಟ್ಟಿದ್ದರೆ ಅಥವಾ ಮಾನ್ಯ ವಿದ್ವತ್ ಸಂಘದ ಮುಂದೆ ಪ್ರಬಂಧವಾಗಿ ಮಂಡಿಸಿದ್ದರೆ 12 ತಿಂಗಳೊಳಗೆ ಅರ್ಜಿ ಸಲ್ಲಿಸಲು ಕಲಂ 31 ಅವಕಾಶ ನೀಡುತ್ತದೆ. ಸಾರ್ವಜನಿಕ ಸ್ಥಳದಲ್ಲಿ ಮಾತ್ರ ಮಾಡಬಹುದಾದ ಪ್ರಾಯೋಗಿಕ ಪರೀಕ್ಷೆಗೆ ಕಲಂ 32ರಲ್ಲಿ ಒಂದು ವರ್ಷದ ರಿಯಾಯಿತಿಯಿದೆ. ಸಾಮಾನ್ಯ ಮೇಳಗಳಲ್ಲಿನ ಪ್ರದರ್ಶನಕ್ಕೂ ಗಿರಾಕಿಗಳಿಗೆ ಮಾಡಿದ ಮಾರಾಟಕ್ಕೂ ಈ ರಕ್ಷಣೆ ಇಲ್ಲವೆಂದೇ ತಿಳಿದು ವ್ಯವಹರಿಸುವುದು ಕ್ಷೇಮ.

ಅರ್ಜಿಗೆ ಮೊದಲು ಮೂರನೆಯವರ ನೆರವು ಅನಿವಾರ್ಯವಾಗುವುದುಂಟು. ಎರಕದ ಭಾಗಗಳನ್ನು ಫೌಂಡ್ರಿಯಲ್ಲಿ ಮಾಡಿಸಬೇಕು, ನಕ್ಷೆಗಳನ್ನು ಬರೆಸಬೇಕು, ಪಾಲುದಾರರೊಂದಿಗೆ ಮಾತುಕತೆ ನಡೆಸಬೇಕು. ಅಂತಹ ಸಂದರ್ಭದಲ್ಲಿ ಒಂದೆರಡು ಪುಟಗಳ ಗೋಪ್ಯತಾ ಒಪ್ಪಂದಕ್ಕೆ ಅವರ ಸಹಿ ಪಡೆದಿಟ್ಟುಕೊಳ್ಳಬೇಕು. ಇದಕ್ಕೆ ತಗಲುವ ಖರ್ಚು ಅತ್ಯಲ್ಪ. ಸಾಧ್ಯವಿದ್ದಲ್ಲಿ ಬಿಡಿಭಾಗಗಳನ್ನು ಬೇರೆ ಬೇರೆ ಕಡೆ ಮಾಡಿಸಿ ಜೋಡಣೆಯನ್ನು ತಮ್ಮಲ್ಲಿಯೇ ಇರಿಸಿಕೊಳ್ಳುವುದು ಇನ್ನೂ ಒಳ್ಳೆಯದು.

ಮೊದಲ ಹೆಜ್ಜೆ: ಖರ್ಚಿಲ್ಲದ ಹುಡುಕಾಟ

ತಮ್ಮ ಆವಿಷ್ಕಾರ ಹೊಸದೇ ಎಂಬುದನ್ನು ತಿಳಿಯಲು ಈಗ ಹಣ ಕೊಡಬೇಕಿಲ್ಲ. ಭಾರತೀಯ ಪೇಟೆಂಟ್ ಕಚೇರಿಯ ‘ಇನ್‌ಪಾಸ್’ ಹುಡುಕಾಟ ವ್ಯವಸ್ಥೆ, ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ‘ಪೇಟೆಂಟ್‌ಸ್ಕೋಪ್’, ಯುರೋಪಿನ ಪೇಟೆಂಟ್ ಕಚೇರಿಯ ‘ಎಸ್ಪಾಸ್‌ನೆಟ್’ ಮತ್ತು ಗೂಗಲ್ ಪೇಟೆಂಟ್ಸ್ ಈ ನಾಲ್ಕೂ ಉಚಿತ. ಎರಡು ಮೂರು ದಿನ ಕುಳಿತು ಹುಡುಕಿದರೆ ಬಹಳಷ್ಟು ಸಂಗತಿ ಬೆಳಕಿಗೆ ಬರುತ್ತದೆ.

ಹುಡುಕುವಾಗ ಯಂತ್ರದ ಹೆಸರನ್ನಷ್ಟೇ ಹಾಕಿದರೆ ಸಾಲದು. ಸುಲಿಯುವ ಯಂತ್ರ ಎಂಬುದಕ್ಕೆ ಇಂಗ್ಲಿಷಿನಲ್ಲಿ ನಾಲ್ಕಾರು ಪದಗಳಿವೆ. ಅವೆಲ್ಲವನ್ನೂ ಪ್ರಯೋಗಿಸಿ ನೋಡಬೇಕು. ಹತ್ತಿರದ ಒಂದು ಪೇಟೆಂಟ್ ದೊರೆತರೆ ಅದರ ಮೇಲೆ ನಮೂದಾಗಿರುವ ಅಂತರರಾಷ್ಟ್ರೀಯ ವರ್ಗೀಕರಣ ಸಂಖ್ಯೆಯನ್ನು ಹಿಡಿದು ಆ ವರ್ಗದ ಇತರ ಪೇಟೆಂಟುಗಳನ್ನು ಪರಿಶೀಲಿಸಬೇಕು. ಇದರಿಂದ ಎರಡು ಪ್ರಯೋಜನಗಳಿವೆ. ಅದೇ ಯಂತ್ರ ಈಗಾಗಲೇ ಬೇರೆಲ್ಲೋ ದಾಖಲಾಗಿದ್ದರೆ ಮುಂದಿನ ಎಲ್ಲ ಖರ್ಚೂ ಉಳಿಯುತ್ತದೆ. ದಾಖಲಾಗಿಲ್ಲದಿದ್ದರೆ ತಮ್ಮ ಯಂತ್ರ ಹಿಂದಿನವುಗಳಿಗಿಂತ ನಿಖರವಾಗಿ ಎಲ್ಲಿ ಭಿನ್ನ ಎಂಬುದು ಸ್ಪಷ್ಟವಾಗುತ್ತದೆ. ಅರ್ಜಿಯ ಜೀವಾಳವೇ ಆ ಭಿನ್ನತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪೇಟೆಂಟ್ ಮಾಹಿತಿ ಕೇಂದ್ರದಲ್ಲಿ ಈ ಕುರಿತು ಮಾರ್ಗದರ್ಶನ ಪಡೆಯಬಹುದು.

ಎರಡನೆಯ ಹೆಜ್ಜೆ: ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ

ಯಂತ್ರ ಇನ್ನೂ ಪರಿಪೂರ್ಣವಾಗಿಲ್ಲದಿದ್ದರೂ ದಿನಾಂಕವನ್ನು ಕಾಯ್ದಿರಿಸಿಕೊಳ್ಳಲು ಕಾಯ್ದೆಯಲ್ಲಿ ಅವಕಾಶವಿದೆ. ಪ್ರಾವಿಷನಲ್ ಎಂದು ರೂಢಿಯಲ್ಲಿ ಕರೆಯಲಾಗುವ ತಾತ್ಕಾಲಿಕ ವಿವರಣೆಯನ್ನು ನಮೂನೆ 2ರಲ್ಲಿ, ಅರ್ಜಿಯನ್ನು ನಮೂನೆ 1ರಲ್ಲಿ ಸಲ್ಲಿಸಬೇಕು. ಕರ್ನಾಟಕದ ನಿವಾಸಿಗಳಿಗೆ ಚೆನ್ನೈನ ಗಿಂಡಿಯಲ್ಲಿರುವ ಪೇಟೆಂಟ್ ಕಚೇರಿಯೇ ಅಧಿಕೃತ ಕಚೇರಿ. ಆನ್‌ಲೈನ್ ಮೂಲಕ ಸಲ್ಲಿಸಿದರೆ ರೂ. 1,600, ಕಾಗದದ ಪ್ರತಿಯನ್ನು ಖುದ್ದಾಗಿ ಅಥವಾ ಅಂಚೆಯಲ್ಲಿ ಸಲ್ಲಿಸಿದರೆ ರೂ. 1,750. ಪೇಟೆಂಟ್ ಏಜೆಂಟರು ಆನ್‌ಲೈನ್ ಮೂಲಕವೇ ಸಲ್ಲಿಸಬೇಕು. ಸ್ವತಃ ಅರ್ಜಿ ಹಾಕುವ ವ್ಯಕ್ತಿಗೆ ಎರಡೂ ದಾರಿಗಳು ತೆರೆದಿವೆ.

ಅಂದಿನಿಂದ 12 ತಿಂಗಳೊಳಗೆ ಪೂರ್ಣ ವಿವರಣೆಯನ್ನು ಸಲ್ಲಿಸಬೇಕು. ಸಲ್ಲಿಸದಿದ್ದರೆ ಅರ್ಜಿಯನ್ನು ಕೈಬಿಟ್ಟಂತೆ ಪರಿಗಣಿಸಲಾಗುತ್ತದೆ. ಹಾಗೆ ಕೈಬಿಟ್ಟ ಅರ್ಜಿಯನ್ನು ಕಚೇರಿ ಪ್ರಕಟಿಸುವುದಿಲ್ಲ. ಆದ್ದರಿಂದ ಆ ವರ್ಷದಲ್ಲಿ ವಿಷಯವನ್ನು ಗುಟ್ಟಾಗಿಯೇ ಇಟ್ಟಿದ್ದರೆ ಮತ್ತೆ ಹೊಸದಾಗಿ ರೂ. 1,600 ಕಟ್ಟಿ ಅರ್ಜಿ ಸಲ್ಲಿಸಲು ಅಡ್ಡಿಯಿಲ್ಲ. ಆದರೆ ಅಷ್ಟರಲ್ಲಿ ಬೇರೊಬ್ಬರು ಅದೇ ಆವಿಷ್ಕಾರಕ್ಕೆ ಅರ್ಜಿ ಹಾಕಿದ್ದರೆ ಅವರ ದಿನಾಂಕವೇ ಹಿಂದಿನದಾಗುತ್ತದೆ. ಮೊದಲ ಅರ್ಜಿಯ ಧೈರ್ಯದಿಂದ ಯಂತ್ರವನ್ನು ಪ್ರದರ್ಶಿಸಿ ಅಥವಾ ಮಾರಿ, ಬಳಿಕ 12 ತಿಂಗಳ ಗಡುವನ್ನೂ ಮೀರಿದರೆ ಎರಡನೆಯ ಅವಕಾಶವೇ ಉಳಿಯುವುದಿಲ್ಲ. ಈ ಒಂದು ದಿನಾಂಕವನ್ನು ತೆರಿಗೆ ವಿವರಣೆಯ ಕೊನೆಯ ದಿನಾಂಕದಷ್ಟೇ ಎಚ್ಚರದಿಂದ ಗುರುತು ಹಾಕಿಕೊಳ್ಳಬೇಕು.

ತಾತ್ಕಾಲಿಕ ಎಂದಾಕ್ಷಣ ಅರ್ಧ ಪುಟದಲ್ಲಿ ಮುಗಿಸಬಾರದು. ಮುಂದೆ ಪೂರ್ಣ ವಿವರಣೆಯಲ್ಲಿ ಕೇಳುವ ಹಕ್ಕಿಗೆ ಮೊದಲ ದಿನಾಂಕ ದೊರೆಯಬೇಕಾದರೆ ಆ ಅಂಶದ ತಳಹದಿ ತಾತ್ಕಾಲಿಕ ವಿವರಣೆಯಲ್ಲಿ ಇರಲೇಬೇಕು. ಇಲ್ಲದ ಅಂಶಕ್ಕೆ ನಂತರದ ದಿನಾಂಕವೇ ಅನ್ವಯಿಸುತ್ತದೆ. ಯಂತ್ರದ ಪ್ರತಿ ಭಾಗ, ಅವುಗಳ ಪರಸ್ಪರ ಸಂಬಂಧ, ಅದು ಕೆಲಸ ಮಾಡುವ ಬಗೆ, ಪರ್ಯಾಯವಾಗಿ ಹೇಗೆ ಮಾಡಬಹುದು ಎಂಬ ಸಾಧ್ಯತೆಗಳು, ಕೈಯಲ್ಲಿ ಬರೆದದ್ದಾದರೂ ಸ್ಪಷ್ಟವಾದ ನಕ್ಷೆಗಳು ಇವೆಲ್ಲವನ್ನೂ ಸೇರಿಸಬೇಕು.

ಹನ್ನೆರಡು ತಿಂಗಳ ಸದುಪಯೋಗ

ಬಿಗಿಯಾದ ಆಯವ್ಯಯ ಉಳ್ಳವರಿಗೆ ಈ 12 ತಿಂಗಳು ಅಮೂಲ್ಯ. ಕೇವಲ ರೂ. 1,600 ವೆಚ್ಚದಲ್ಲಿ ಒಂದು ವರ್ಷದ ಕಾಲ ಮಾರುಕಟ್ಟೆಯನ್ನು ಪರೀಕ್ಷಿಸುವ ಅವಕಾಶ ಇಲ್ಲಿ ದೊರೆಯುತ್ತದೆ. ಅರ್ಜಿಯ ಸಂಖ್ಯೆ ಕೈಗೆ ಬಂದ ನಂತರ ಯಂತ್ರವನ್ನು ಮೇಳದಲ್ಲಿ ಇಡಬಹುದು, ವಿತರಕರಿಗೆ ತೋರಿಸಬಹುದು, ತಯಾರಕರೊಂದಿಗೆ ಪರವಾನಗಿಯ ಮಾತುಕತೆ ನಡೆಸಬಹುದು. ತಾತ್ಕಾಲಿಕ ವಿವರಣೆಯಲ್ಲಿ ಇಲ್ಲದ ಹೊಸ ಸುಧಾರಣೆಗಳನ್ನು ಮಾತ್ರ ಪೂರ್ಣ ವಿವರಣೆ ಸಲ್ಲಿಸುವವರೆಗೆ ಹೊರಗೆ ತೋರಿಸಬಾರದು.

ವರ್ಷದ ಕೊನೆಯಲ್ಲಿ ಶೋಧಕರು ತಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು. ಈ ವಸ್ತುವನ್ನು ಕೊಳ್ಳುವವರಿದ್ದಾರೆಯೇ? ಇತರರು ಇದನ್ನು ನಕಲು ಮಾಡುವಷ್ಟು ಲಾಭ ಇದರಲ್ಲಿದೆಯೇ? ನಕಲು ಮಾಡಿದರೆ ಅದನ್ನು ಪತ್ತೆ ಹಚ್ಚಲು ಸಾಧ್ಯವೇ? ಮೂರಕ್ಕೂ ಹೌದು ಎಂಬ ಉತ್ತರ ಬಂದರೆ ಮುಂದಿನ ಖರ್ಚಿಗೆ ಅರ್ಥವಿದೆ. ಪೇಟೆಂಟ್ ತಾನಾಗಿ ಯಾರನ್ನೂ ತಡೆಯುವುದಿಲ್ಲ. ಉಲ್ಲಂಘನೆಯಾದಾಗ ಜಿಲ್ಲಾ ನ್ಯಾಯಾಲಯ ಅಥವಾ ಅದಕ್ಕೂ ಮೇಲಿನ ನ್ಯಾಯಾಲಯದಲ್ಲಿ ಒಡೆಯನೇ ದಾವೆ ಹೂಡಬೇಕು. ಆ ಶಕ್ತಿ ಇಲ್ಲದವರು ದೊಡ್ಡ ತಯಾರಕರಿಗೆ ಪರವಾನಗಿ ನೀಡಿ ರಾಯಧನ ಪಡೆಯುವ ಮಾರ್ಗವನ್ನು ಮೊದಲೇ ಯೋಚಿಸಿರಬೇಕು.

ಪೂರ್ಣ ವಿವರಣೆ: ಹಣ ಉಳಿಸಬಾರದ ಸ್ಥಳ

ಪೂರ್ಣ ವಿವರಣೆಗೆ ಪ್ರತ್ಯೇಕ ಮೂಲ ಶುಲ್ಕವಿಲ್ಲ. ಆದರೆ 30 ಪುಟ ಮೀರಿದರೆ ಪ್ರತಿ ಹೆಚ್ಚುವರಿ ಪುಟಕ್ಕೆ ರೂ. 160, ಹಕ್ಕುಬೇಡಿಕೆಗಳು 10ನ್ನು ಮೀರಿದರೆ ಪ್ರತಿಯೊಂದಕ್ಕೆ ರೂ. 320 ತೆರಬೇಕು. ವಿವರಣೆ 42 ಪುಟಗಳಿದ್ದು ಹಕ್ಕುಬೇಡಿಕೆಗಳು 14 ಇದ್ದರೆ ರೂ. 1,920 ಮತ್ತು ರೂ. 1,280, ಒಟ್ಟು ರೂ. 3,200 ಹೆಚ್ಚುವರಿ. ಇದು ಮೂಲ ಅರ್ಜಿ ಶುಲ್ಕದ ಎರಡರಷ್ಟು. ಸಾಮಾನ್ಯ ಯಂತ್ರವೊಂದನ್ನು 30 ಪುಟಗಳಲ್ಲಿ, 10 ಹಕ್ಕುಬೇಡಿಕೆಗಳಲ್ಲಿ ಸಮರ್ಪಕವಾಗಿ ವಿವರಿಸಲು ಸಾಧ್ಯ.

ಹಕ್ಕುಬೇಡಿಕೆ ಎಂದರೆ ಆವಿಷ್ಕಾರದ ಗಡಿಯನ್ನು ಗುರುತಿಸುವ ವಾಕ್ಯ. ಜಮೀನಿನ ಕ್ರಯಪತ್ರದಲ್ಲಿ ಚಕ್ಕುಬಂದಿಗೆ ಇರುವ ಸ್ಥಾನವೇ ಪೇಟೆಂಟಿನಲ್ಲಿ ಇದಕ್ಕಿದೆ. ‘ನಾಲ್ಕು ಅಂಗುಲದ ಉಕ್ಕಿನ ಉರುಳೆ’ ಎಂದು ಬರೆದರೆ ನಕಲು ಮಾಡುವವರು ಐದು ಅಂಗುಲದ ಅಲ್ಯೂಮಿನಿಯಂ ಉರುಳೆ ಹಾಕಿ ಪಾರಾಗಲು ದಾರಿಯಾಗುತ್ತದೆ. ತೀರಾ ವಿಶಾಲವಾಗಿ ಬರೆದರೆ ಹಿಂದಿನ ಪೇಟೆಂಟುಗಳ ಕಾರಣದಿಂದ ಅರ್ಜಿ ತಿರಸ್ಕೃತವಾಗುತ್ತದೆ. ಈ ಸಮತೋಲನ ಸಾಧಿಸುವುದು ಅನುಭವದ ಕೆಲಸ.

ಪೇಟೆಂಟ್ ಏಜೆಂಟರ ನೇಮಕ ಕಾನೂನಿನ ಪ್ರಕಾರ ಕಡ್ಡಾಯವಲ್ಲ. ಆದರೆ ಒಟ್ಟು ಆಯವ್ಯಯದಲ್ಲಿ ವೃತ್ತಿಪರರಿಗೆಂದು ಒಂದಿಷ್ಟು ಹಣ ಇದ್ದರೆ ಅದನ್ನು ಇಲ್ಲಿಯೇ ವ್ಯಯಿಸಬೇಕು. ಯಂತ್ರದ ವಿವರಣೆಯನ್ನೂ ನಕ್ಷೆಗಳನ್ನೂ ಹುಡುಕಾಟದ ಫಲಿತಾಂಶವನ್ನೂ ಶೋಧಕರೇ ಸಿದ್ಧಪಡಿಸಿ, ಹಕ್ಕುಬೇಡಿಕೆಗಳ ರಚನೆ ಮತ್ತು ಒಟ್ಟು ಪರಿಶೀಲನೆಯನ್ನು ಮಾತ್ರ ನೋಂದಾಯಿತ ಏಜೆಂಟರಿಗೆ ವಹಿಸಿದರೆ ಖರ್ಚು ಗಣನೀಯವಾಗಿ ತಗ್ಗುತ್ತದೆ. ಏಜೆಂಟರ ಹೆಸರು ಪೇಟೆಂಟ್ ಕಚೇರಿಯ ನೋಂದಣಿ ಪಟ್ಟಿಯಲ್ಲಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಯಾವ ಕೆಲಸಕ್ಕೆ ಎಷ್ಟು ಎಂಬ ದರವನ್ನು ಲಿಖಿತವಾಗಿ ಪಡೆಯಬೇಕು. ಕೆಲವೇ ದಿನಗಳಲ್ಲಿ ಪೇಟೆಂಟ್ ಕೊಡಿಸುವುದಾಗಿ ಹೇಳುವವರು ಅರ್ಜಿ ಸಂಖ್ಯೆಯನ್ನೋ ಪೇಟೆಂಟ್ ಜರ್ನಲ್‌ನ ಪ್ರಕಟಣೆಯನ್ನೋ ತೋರಿಸಿ ಹಣ ಪಡೆಯುವುದುಂಟು. ಪ್ರಕಟಣೆ ಎಂಬುದು ಮಂಜೂರಾತಿಯಲ್ಲ. ಮಂಜೂರಾಗದ ಪೇಟೆಂಟನ್ನು ಮಂಜೂರಾಗಿದೆ ಎಂದು ವಸ್ತುವಿನ ಮೇಲೆ ಮುದ್ರಿಸಿದರೆ ಕಲಂ 120ರಡಿ ದಂಡ ತೆರಬೇಕಾಗುತ್ತದೆ.

ಪರೀಕ್ಷೆ ಮತ್ತು ಆಕ್ಷೇಪಗಳಿಗೆ ಉತ್ತರ

ಅರ್ಜಿ ಸಾಮಾನ್ಯವಾಗಿ 18 ತಿಂಗಳ ನಂತರ ಪ್ರಕಟವಾಗುತ್ತದೆ. ಬೇಗ ಪ್ರಕಟಿಸಬೇಕೆಂದರೆ ನಮೂನೆ 9ರೊಂದಿಗೆ ರೂ. 2,500 ಕಟ್ಟಬಹುದು, ನಕಲಿನ ಭಯ ತಕ್ಷಣದ್ದಲ್ಲದಿದ್ದರೆ ಈ ಖರ್ಚು ಅನಗತ್ಯ. ಪ್ರಕಟಣೆಯ ಮಾತ್ರದಿಂದ ಪರೀಕ್ಷೆ ಆರಂಭವಾಗುವುದಿಲ್ಲ. ನಮೂನೆ 18ರಲ್ಲಿ ರೂ. 4,000 ಶುಲ್ಕದೊಂದಿಗೆ ಪ್ರತ್ಯೇಕ ಕೋರಿಕೆ ಸಲ್ಲಿಸಬೇಕು. 2024ರ ಮಾರ್ಚ್ 15ರಂದು ಜಾರಿಗೆ ಬಂದ ತಿದ್ದುಪಡಿಯ ನಂತರ ಸಲ್ಲಿಸಿದ ಅರ್ಜಿಗಳಿಗೆ ಈ ಕೋರಿಕೆಯ ಗಡುವು ಮೊದಲ ದಿನಾಂಕದಿಂದ 31 ತಿಂಗಳು. ಹಿಂದೆ ಇದ್ದ 48 ತಿಂಗಳ ಅವಧಿಯನ್ನು ನೆನಪಿಟ್ಟುಕೊಂಡು ಕಾಯುವವರು ಅರ್ಜಿಯನ್ನೇ ಕಳೆದುಕೊಳ್ಳುತ್ತಾರೆ.

ತ್ವರಿತ ಪರೀಕ್ಷೆಗೆ ನಮೂನೆ 18ಎ ಅಡಿ ರೂ. 8,000 ಶುಲ್ಕವಿದೆ. ಈ ಸೌಲಭ್ಯ ಎಲ್ಲರಿಗೂ ಇಲ್ಲ. ಅರ್ಜಿದಾರರಲ್ಲಿ ಕನಿಷ್ಠ ಒಬ್ಬರು ಮಹಿಳೆಯಾಗಿರುವ ವ್ಯಕ್ತಿಗತ ಅರ್ಜಿಗಳು, ನವೋದ್ಯಮಗಳು ಮತ್ತು ಸಣ್ಣ ಘಟಕಗಳು ಇದಕ್ಕೆ ಅರ್ಹವಾದ ವರ್ಗಗಳಲ್ಲಿ ಸೇರಿವೆ.

ಪರೀಕ್ಷಕರು ಹೊರಡಿಸುವ ಮೊದಲ ವರದಿಯಲ್ಲಿ ಆಕ್ಷೇಪಗಳಿರುವುದು ಸಹಜ. ಅದನ್ನು ತಿರಸ್ಕಾರವೆಂದು ಭಾವಿಸಬಾರದು. ಆರು ತಿಂಗಳೊಳಗೆ ಉತ್ತರಿಸಬೇಕು. ಶುಲ್ಕ ತೆತ್ತು ಕಾಲಾವಕಾಶ ವಿಸ್ತರಿಸಿಕೊಳ್ಳಬಹುದಾದರೂ ಅಲ್ಪ ಬಂಡವಾಳದವರಿಗೆ ಅದು ವ್ಯರ್ಥ ವೆಚ್ಚ. ಉತ್ತರಿಸದಿದ್ದರೆ ಅರ್ಜಿ ಕೈಬಿಟ್ಟಂತಾಗುತ್ತದೆ. ವಿಚಾರಣೆ ಬೇಕಾದಲ್ಲಿ ವಿಡಿಯೊ ಮೂಲಕ ನಡೆಸಲು ಅವಕಾಶವಿರುವುದರಿಂದ ಚೆನ್ನೈ ಪ್ರಯಾಣದ ಖರ್ಚು ಉಳಿಯುತ್ತದೆ. ವೃತ್ತಿಪರರ ನೆರವಿಗೆ ಹಣ ವ್ಯಯಿಸಬಹುದಾದ ಎರಡನೆಯ ಸಂದರ್ಭ ಈ ಉತ್ತರದ ಸಿದ್ಧತೆ.

ಯಾರ ಹೆಸರಿನಲ್ಲಿ ಅರ್ಜಿ?

ಮೇಲೆ ಹೇಳಿದ ಎಲ್ಲ ದರಗಳೂ ವ್ಯಕ್ತಿಗೆ ಅನ್ವಯಿಸುವಂತಹವು. ದೊಡ್ಡ ಕಂಪನಿಗೆ ಅರ್ಜಿ ಶುಲ್ಕ ರೂ. 8,000, ಪರೀಕ್ಷಾ ಶುಲ್ಕ ರೂ. 20,000. 2020ರ ತಿದ್ದುಪಡಿಯ ನಂತರ ಸಣ್ಣ ಘಟಕಗಳಿಗೂ ವ್ಯಕ್ತಿಯ ದರವೇ ಅನ್ವಯಿಸುತ್ತದೆ. ಪಾಲುದಾರಿಕೆ ಸಂಸ್ಥೆ ಅಥವಾ ಸಣ್ಣ ಕಂಪನಿಯ ಹೆಸರಿನಲ್ಲಿ ಸಲ್ಲಿಸುವವರು ಉದ್ಯಮ್ ನೋಂದಣಿ ಪತ್ರದೊಂದಿಗೆ ನಮೂನೆ 28 ಲಗತ್ತಿಸಿದರೆ ಈ ರಿಯಾಯಿತಿ ದೊರೆಯುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶಗಳು ಎರಡು. ವ್ಯಕ್ತಿಯ ಹೆಸರಿನಲ್ಲಿರುವ ಅರ್ಜಿಯನ್ನು ರಿಯಾಯಿತಿಗೆ ಅರ್ಹವಲ್ಲದ ಕಂಪನಿಗೆ ಪೂರ್ಣವಾಗಿಯೋ ಭಾಗಶಃವೋ ವರ್ಗಾಯಿಸಿದರೆ ಶುಲ್ಕದ ವ್ಯತ್ಯಾಸವನ್ನು ಹೊಸ ಅರ್ಜಿದಾರರು ಕಟ್ಟಬೇಕಾಗುತ್ತದೆ. ಮಾರಾಟದ ಮಾತುಕತೆಯಲ್ಲಿ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎರಡನೆಯದಾಗಿ, ಸ್ನೇಹಕ್ಕೋ ಬಂಡವಾಳಕ್ಕೋ ಬೇರೊಬ್ಬರನ್ನು ಜಂಟಿ ಅರ್ಜಿದಾರರನ್ನಾಗಿ ಸೇರಿಸಿಕೊಂಡರೆ, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ, ಇಬ್ಬರಿಗೂ ಸಮಪಾಲು ಬರುತ್ತದೆ. ಇಬ್ಬರೂ ಸ್ವತಂತ್ರವಾಗಿ ಯಂತ್ರ ತಯಾರಿಸಬಹುದು; ಆದರೆ ಒಬ್ಬರ ಒಪ್ಪಿಗೆಯಿಲ್ಲದೆ ಇನ್ನೊಬ್ಬರು ಪರವಾನಗಿ ನೀಡುವಂತಿಲ್ಲ. ಪಾಲು ಎಷ್ಟು, ಖರ್ಚು ಯಾರದು, ಪರವಾನಗಿಯ ನಿರ್ಧಾರ ಯಾರದು ಎಂಬುದನ್ನು ಅರ್ಜಿಗೆ ಮೊದಲೇ ಬರೆದಿಡುವುದು ವಿವೇಕ.

ನವೀಕರಣ: ಇಪ್ಪತ್ತು ವರ್ಷಗಳ ಲೆಕ್ಕ

ಪೇಟೆಂಟನ್ನು ಜೀವಂತವಾಗಿ ಉಳಿಸಿಕೊಳ್ಳಲು ಮೂರನೆಯ ವರ್ಷದಿಂದ ನವೀಕರಣ ಶುಲ್ಕ ತೆರಬೇಕು. ಆನ್‌ಲೈನ್ ಪಾವತಿಗೆ ವ್ಯಕ್ತಿಗೆ ಅನ್ವಯಿಸುವ ವಾರ್ಷಿಕ ದರಗಳು ಹೀಗಿವೆ:

3ರಿಂದ 6ನೆಯ ವರ್ಷ: ರೂ. 800 (ನಾಲ್ಕು ವರ್ಷಕ್ಕೆ ರೂ. 3,200)
7ರಿಂದ 10ನೆಯ ವರ್ಷ: ರೂ. 2,400 (ನಾಲ್ಕು ವರ್ಷಕ್ಕೆ ರೂ. 9,600)
11ರಿಂದ 15ನೆಯ ವರ್ಷ: ರೂ. 4,800 (ಐದು ವರ್ಷಕ್ಕೆ ರೂ. 24,000)
16ರಿಂದ 20ನೆಯ ವರ್ಷ: ರೂ. 8,000 (ಐದು ವರ್ಷಕ್ಕೆ ರೂ. 40,000)

ಒಟ್ಟು ರೂ. 76,800. ಅರ್ಜಿ ಮತ್ತು ಪರೀಕ್ಷೆಯ ರೂ. 5,600 ಸೇರಿಸಿದರೆ 20 ವರ್ಷಗಳ ಸರ್ಕಾರಿ ಶುಲ್ಕ ರೂ. 82,400. ಇದೇ ಲೆಕ್ಕ ದೊಡ್ಡ ಕಂಪನಿಗೆ ಐದು ಪಟ್ಟು, ಅಂದರೆ ರೂ. 4,12,000. ಮೊದಲ ಹತ್ತು ವರ್ಷಗಳ ನವೀಕರಣಕ್ಕೆ ವ್ಯಕ್ತಿ ತೆರುವುದು ರೂ. 12,800 ಮಾತ್ರ, ಉಳಿದ ರೂ. 64,000 ಕೊನೆಯ ಹತ್ತು ವರ್ಷಗಳದ್ದು. ಹತ್ತನೆಯ ವರ್ಷದ ಹೊತ್ತಿಗೆ ಯಂತ್ರ ಇನ್ನೂ ಆದಾಯ ತರುತ್ತಿದೆಯೇ ಎಂದು ಪರಿಶೀಲಿಸಿ ಮುಂದುವರಿಸುವ ಅಥವಾ ನಿಲ್ಲಿಸುವ ನಿರ್ಧಾರ ಕೈಗೊಳ್ಳಬಹುದು.

ಮಂಜೂರಾತಿ ತಡವಾದರೆ ಅಲ್ಲಿಯವರೆಗಿನ ನವೀಕರಣ ಶುಲ್ಕಗಳು ಒಟ್ಟುಗೂಡಿರುತ್ತವೆ. ಐದನೆಯ ವರ್ಷದಲ್ಲಿ ಮಂಜೂರಾದರೆ 3, 4 ಮತ್ತು 5ನೆಯ ವರ್ಷಗಳ ರೂ. 2,400ನ್ನು, ರಿಜಿಸ್ಟರಿನಲ್ಲಿ ಪೇಟೆಂಟ್ ದಾಖಲಾದ ದಿನದಿಂದ ಮೂರು ತಿಂಗಳೊಳಗೆ ಕಟ್ಟಬೇಕು. ಕನಿಷ್ಠ ನಾಲ್ಕು ವರ್ಷಗಳ ಶುಲ್ಕವನ್ನು ಮುಂಗಡವಾಗಿ ಆನ್‌ಲೈನ್‌ನಲ್ಲಿ ಕಟ್ಟಿದರೆ 2024ರ ತಿದ್ದುಪಡಿಯಂತೆ ಶೇ. 10ರಷ್ಟು ರಿಯಾಯಿತಿ ಇದೆ. ಶುಲ್ಕ ಕಟ್ಟದೆ ರದ್ದಾದ ಪೇಟೆಂಟನ್ನು 18 ತಿಂಗಳೊಳಗೆ ಅರ್ಜಿ ಸಲ್ಲಿಸಿ ಪುನಃ ಸ್ಥಾಪಿಸಿಕೊಳ್ಳಬಹುದು. ಪೇಟೆಂಟ್ ಬಳಕೆಯಲ್ಲಿದೆಯೇ ಎಂಬ ಹೇಳಿಕೆಯನ್ನು ನಮೂನೆ 27ರಲ್ಲಿ ಮೂರು ಹಣಕಾಸು ವರ್ಷಗಳಿಗೊಮ್ಮೆ ಸಲ್ಲಿಸುವುದೂ ಕಡ್ಡಾಯ.

ವಿದೇಶಗಳಲ್ಲಿ ರಕ್ಷಣೆ

ಜಗತ್ತಿಗೆಲ್ಲ ಅನ್ವಯಿಸುವ ಒಂದೇ ಪೇಟೆಂಟ್ ಎಂಬುದಿಲ್ಲ. ಭಾರತದ ಪೇಟೆಂಟ್ ಭಾರತಕ್ಕೆ ಮಾತ್ರ. ವಿದೇಶದಲ್ಲಿ ಅರ್ಜಿ ಹಾಕಲು ಇಲ್ಲಿನ ಮೊದಲ ಅರ್ಜಿಯಿಂದ 12 ತಿಂಗಳ ಅವಕಾಶವಿದೆ. ಪೇಟೆಂಟ್ ಸಹಕಾರ ಒಪ್ಪಂದದ ಮೂಲಕ ಅಂತರರಾಷ್ಟ್ರೀಯ ಅರ್ಜಿ ಸಲ್ಲಿಸಿದರೆ ಆಯಾ ದೇಶಗಳ ಖರ್ಚನ್ನು ಮೊದಲ ದಿನಾಂಕದಿಂದ ಸುಮಾರು 30 ತಿಂಗಳವರೆಗೆ ಮುಂದೂಡಬಹುದು; ಭಾರತದ ವ್ಯಕ್ತಿಗತ ಅರ್ಜಿದಾರರಿಗೆ ಅಂತರರಾಷ್ಟ್ರೀಯ ಶುಲ್ಕದಲ್ಲಿ ಶೇ. 90ರಷ್ಟು ರಿಯಾಯಿತಿಯೂ ಉಂಟು. ಆದರೆ ನಂತರ ಪ್ರತಿ ದೇಶದಲ್ಲಿಯೂ ಅಲ್ಲಿನ ವಕೀಲರ ಶುಲ್ಕ, ಭಾಷಾಂತರದ ವೆಚ್ಚ ಎದುರಾಗುತ್ತವೆ. ರಫ್ತಿನ ಖಚಿತ ಆದೇಶ ಅಥವಾ ವಿದೇಶಿ ಪರವಾನಗಿದಾರರು ಇಲ್ಲದೆ ಈ ದಾರಿಗೆ ಇಳಿಯುವುದು ಅಪಾಯ. ಭಾರತದ ನಿವಾಸಿಗಳು ಇಲ್ಲಿ ಅರ್ಜಿ ಸಲ್ಲಿಸಿ ಆರು ವಾರ ಕಳೆಯುವ ಮುನ್ನ ಅಥವಾ ಪೂರ್ವಾನುಮತಿ ಪಡೆಯದೆ ಹೊರದೇಶದಲ್ಲಿ ಅರ್ಜಿ ಸಲ್ಲಿಸುವುದನ್ನು ಕಲಂ 39 ನಿಷೇಧಿಸುತ್ತದೆ.

ನೆರವು ಮತ್ತು ತೆರಿಗೆ

2000ದಲ್ಲಿ ಸ್ಥಾಪಿತವಾದ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನವು ಔಪಚಾರಿಕ ತಾಂತ್ರಿಕ ಶಿಕ್ಷಣವಿಲ್ಲದ ತಳಮಟ್ಟದ ಶೋಧಕರಿಗೆ ಪೇಟೆಂಟ್ ಪಡೆಯುವಲ್ಲಿ ನೆರವಾಗುತ್ತದೆ. ಕೇಂದ್ರದ ಎಂಎಸ್ಎಂಇ ಸಚಿವಾಲಯವು 2022ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಉದ್ಯಮ್ ನೋಂದಣಿಯುಳ್ಳ ಘಟಕಗಳಿಗೆ ಮಂಜೂರಾದ ದೇಶೀಯ ಪೇಟೆಂಟಿಗೆ ರೂ. 1 ಲಕ್ಷದವರೆಗೆ, ವಿದೇಶಿ ಪೇಟೆಂಟಿಗೆ ರೂ. 5 ಲಕ್ಷದವರೆಗೆ ಮರುಪಾವತಿ ಗೊತ್ತುಪಡಿಸಲಾಗಿತ್ತು. ಇಂತಹ ಯೋಜನೆಗಳಲ್ಲಿ ಹಣ ಮೊದಲು ಕೈಯಿಂದ ಹೋಗಿ ನಂತರ ಮರಳಿ ಬರುತ್ತದೆ. ಆದ್ದರಿಂದ ರಸೀದಿಗಳನ್ನು ಜೋಪಾನವಾಗಿಡಬೇಕು. ಮರುಪಾವತಿಯನ್ನು ನಂಬಿ ಸಾಲ ಮಾಡಬಾರದು. ಅರ್ಜಿಗೆ ಮುನ್ನ ಯೋಜನೆ ಚಾಲ್ತಿಯಲ್ಲಿದೆಯೇ ಎಂಬುದನ್ನು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸುವುದು ಒಳಿತು.

ಆದಾಯ ತೆರಿಗೆಯ ಮಟ್ಟಿಗೆ, 1961ರ ಕಾಯ್ದೆಯ ಕಲಂ 80ಆರ್‌ಆರ್‌ಬಿ ಅಡಿ ನಿವಾಸಿ ವ್ಯಕ್ತಿಯಾದ ಪೇಟೆಂಟುದಾರರಿಗೆ ರಾಯಧನದ ಮೇಲೆ ವಾರ್ಷಿಕ ರೂ. 3 ಲಕ್ಷದವರೆಗೆ ಕಡಿತ ಲಭ್ಯ. ಹೊಸ ತೆರಿಗೆ ಪದ್ಧತಿಯನ್ನು ಅನುಸರಿಸುವವರಿಗೆ ಇದು ಸಿಗದು. ಭಾರತದಲ್ಲಿಯೇ ಅಭಿವೃದ್ಧಿಪಡಿಸಿ ನೋಂದಾಯಿಸಿದ ಪೇಟೆಂಟಿನ ರಾಯಧನಕ್ಕೆ ಕಲಂ 115ಬಿಬಿಎಫ್ ಅಡಿ ಶೇ. 10ರ ವಿಶೇಷ ದರವನ್ನು ಆಯ್ದುಕೊಳ್ಳಬಹುದು. ಆಗ ಯಾವ ಖರ್ಚನ್ನೂ ಕಳೆಯುವಂತಿಲ್ಲ. 2026ರ ಏಪ್ರಿಲ್ 1ರಿಂದ ಆರಂಭವಾಗುವ ವರ್ಷಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಅನ್ವಯಿಸುವುದರಿಂದ ಕಲಂ ಸಂಖ್ಯೆಗಳು ಬೇರೆಯಾಗುತ್ತವೆ. ಎರಡೂ ಬಗೆಯಲ್ಲಿ ತೆರಿಗೆ ಲೆಕ್ಕ ಹಾಕಿ ನೋಡಿದ ನಂತರವೇ ಆಯ್ಕೆ ಮಾಡಬೇಕು. ಸ್ವಂತ ಉದ್ಯಮದಲ್ಲಿ ಬಳಸುವ ಪೇಟೆಂಟಿನ ವೆಚ್ಚದ ಮೇಲೆ ಶೇ. 25ರ ಸವಕಳಿ ದೊರೆಯುತ್ತದೆ. ರಾಯಧನವು ಸೇವೆಯ ಪೂರೈಕೆ ಎನಿಸುವುದರಿಂದ ನೋಂದಾಯಿತರು ಜಿಎಸ್‌ಟಿಯನ್ನೂ ಒಪ್ಪಂದದಲ್ಲಿ ಸ್ಪಷ್ಟವಾಗಿ ನಮೂದಿಸಬೇಕು.

ಪೇಟೆಂಟ್ ಬೇಡವಾದಾಗ

ಎಲ್ಲ ಹೊಸತನಕ್ಕೂ ಪೇಟೆಂಟೇ ಮದ್ದಲ್ಲ. ವಸ್ತುವಿನ ಆಕಾರ, ವಿನ್ಯಾಸಗಳಲ್ಲಿ ಮಾತ್ರ ಹೊಸತನವಿದ್ದರೆ 2000ದ ವಿನ್ಯಾಸ ಕಾಯ್ದೆಯಡಿ ವ್ಯಕ್ತಿಗಳು ರೂ. 1,000 ಶುಲ್ಕದಲ್ಲಿ ನೋಂದಾಯಿಸಿ ಹತ್ತು ವರ್ಷ, ನಂತರ ಇನ್ನೈದು ವರ್ಷ ರಕ್ಷಣೆ ಪಡೆಯಬಹುದು. ಇದಕ್ಕೂ ಬಹಿರಂಗಪಡಿಸುವ ಮೊದಲೇ ಅರ್ಜಿ ಎಂಬ ನಿಯಮ ಅನ್ವಯಿಸುತ್ತದೆ. ಮಸಾಲೆಯ ಮಿಶ್ರಣ, ಲೋಹ ಹದಗೊಳಿಸುವ ಗುಟ್ಟು ಮುಂತಾಗಿ ಸಿದ್ಧವಸ್ತುವನ್ನು ನೋಡಿ ತಿಳಿಯಲಾಗದ ವಿಷಯಗಳನ್ನು ವ್ಯಾಪಾರ ರಹಸ್ಯವಾಗಿ ಉಳಿಸಿಕೊಳ್ಳುವುದು ಲೇಸು. ಪೇಟೆಂಟ್ ಪಡೆಯಬೇಕಾದರೆ ಗುಟ್ಟನ್ನು ಬರೆದುಕೊಡಲೇಬೇಕು. ಬಿಚ್ಚಿ ನೋಡಿದರೆ ತಿಳಿದುಬಿಡುವ ಯಂತ್ರಕ್ಕೆ ಮಾತ್ರ ಪೇಟೆಂಟಿನ ಹೊರತು ಬೇರೆ ಆಸರೆಯಿಲ್ಲ.

ಒಟ್ಟಿನಲ್ಲಿ ಹುಡುಕಾಟ ಉಚಿತ, ದಿನಾಂಕ ಕಾಯ್ದಿರಿಸಲು ರೂ. 1,600, ನಂತರ ಒಂದು ವರ್ಷದ ಮಾರುಕಟ್ಟೆ ಪರೀಕ್ಷೆ. ಮಾರುಕಟ್ಟೆ ಒಪ್ಪಿದರೆ ಹಕ್ಕುಬೇಡಿಕೆಗಳ ರಚನೆಗೆ ವೃತ್ತಿಪರರ ನೆರವು, 31 ತಿಂಗಳೊಳಗೆ ರೂ. 4,000 ಕಟ್ಟಿ ಪರೀಕ್ಷೆಯ ಕೋರಿಕೆ. ಈ ಅನುಕ್ರಮದಲ್ಲಿ ಪ್ರತಿ ಹಂತದ ಖರ್ಚನ್ನೂ ಹಿಂದಿನ ಹಂತದ ಫಲ ನೋಡಿ ನಿರ್ಧರಿಸಲು ಸಾಧ್ಯ. ಮುಂದಿನ ಮೇಳಕ್ಕೆ ಮಳಿಗೆ ಕಾಯ್ದಿರಿಸುವ ಮುನ್ನ, ಮೊದಲ ಯಂತ್ರದ ಬಿಲ್ ಬರೆಯುವ ಮುನ್ನ ನಮೂನೆ 1 ಮತ್ತು 2 ಚೆನ್ನೈ ಕಚೇರಿಗೆ ತಲುಪಿರಬೇಕು ಎಂಬ ಒಂದು ಶಿಸ್ತನ್ನು ಸಣ್ಣ ಉದ್ಯಮಿಗಳು ರೂಢಿಸಿಕೊಂಡರೆ ವರ್ಷಗಳ ಶ್ರಮದ ಫಲ ಅವರ ಕೈಯಲ್ಲಿಯೇ ಉಳಿದೀತು.